ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಏಳು ದಿನ: ದೆಹಲಿ-ಆಗ್ರಾ ಪ್ರವಾಸಕ್ಕೆ ಸಲಹೆ ಬೇಕು

ಏಲಕ್ಕಿ ಹಾರ

ನಮಸ್ಕಾರ. ಈ ದಸರಾ ರಜೆಗೆ ದೆಹಲಿ-ಆಗ್ರಾ ನೋಡಿಕೊಂಡು ಬರೋಣ ಅಂತ ಮನೆಯಲ್ಲಿ ನಿಶ್ಚಯ ಆಗಿದೆ. ಒಟ್ಟು ಆರು ಜನ. ನಾನು, ನನ್ನ ಹೆಂಡತಿ, 11 ವರ್ಷದ ಮಗಳು, 6 ವರ್ಷದ ಮಗ, ಅಪ್ಪ, ಅಮ್ಮ. ಅಮ್ಮನಿಗೆ 68. ಮಂಡಿ ನೋವಿದೆ. ಸಮತಟ್ಟಾದ ಕಡೆ ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಕಷ್ಟ.

ಅಪ್ಪನ ವಿಷಯ ಸ್ವಲ್ಪ ಹೇಳಬೇಕು. ಅವರು 34 ವರ್ಷ ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದರು. ಸರ್ವಿಸ್ ಎಲ್ಲ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲೇ ಕಳೆಯಿತು. ಸಮಾಜ ಪಾಠ ಮಾಡುವಾಗ ಬೋರ್ಡಿನ ತುಂಬ ಕುತುಬ್ ಮಿನಾರ್ ಬರೆಯುತ್ತಿದ್ದರು. ನಾನೂ ಆ ಕ್ಲಾಸಿನಲ್ಲಿ ಕೂತವನು. ಕೋಲು ಇಟ್ಟು ಐದು ಅಂತಸ್ತು ಎಣಿಸಿ ತೋರಿಸುತ್ತಿದ್ದರು. ಆದರೆ ಅದನ್ನು ಅವರು ಇವತ್ತಿನವರೆಗೂ ಕಣ್ಣಾರೆ ನೋಡಿಲ್ಲ. ಎರಡು ಸಲ ಹೊರಟಿದ್ದರು, ಎರಡು ಸಲವೂ ಮನೆಯ ತಾಪತ್ರಯಕ್ಕೆ ನಿಂತುಹೋಯಿತು. ಹಾಗಾಗಿ ಈ ಪ್ರವಾಸ ಅವರಿಗೋಸ್ಕರ.

ಇಲ್ಲಿನ ಒಬ್ಬ ಏಜೆಂಟರು ಪಟ್ಟಿ ಕೊಟ್ಟಿದ್ದಾರೆ. ಮೊದಲ ದಿನ ಕೆಂಪು ಕೋಟೆ, ಜಾಮಾ ಮಸೀದಿ, ರಾಜಘಾಟ್, ಇಂಡಿಯಾ ಗೇಟ್, ಲೋಟಸ್ ಟೆಂಪಲ್, ಕುತುಬ್ ಮಿನಾರ್. ಎರಡನೇ ದಿನ ಹುಮಾಯೂನ್ ಸಮಾಧಿ, ಅಕ್ಷರಧಾಮ, ಶಾಪಿಂಗ್. ಮೂರನೇ ದಿನ ನಸುಕಿನ ನಾಲ್ಕಕ್ಕೆ ಹೊರಟು ತಾಜ್ ಮಹಲ್, ಆಗ್ರಾ ಕೋಟೆ, ಫತೇಪುರ್ ಸಿಕ್ರಿ, ರಾತ್ರಿ ವಾಪಸ್. ಆಮೇಲೆ ಮಥುರಾ, ಹರಿದ್ವಾರ. ಇದು ಆಗುವ ಮಾತಾ? ಹೋಗಿ ಬಂದವರು ಹೇಳಿ.

ದೆಹಲಿ ಕನ್ನಡತಿ

ನಾನು ಇಲ್ಲಿಗೆ ಬಂದು 22 ವರ್ಷ ಆಯಿತು. ನಮ್ಮ ಮನೆಗೆ ಬಂದ ನೆಂಟರನ್ನೆಲ್ಲ ಸುತ್ತಿಸಿದ ಅನುಭವದಿಂದ ಹೇಳುತ್ತೇನೆ, ಆ ಮೊದಲ ದಿನದ ಪಟ್ಟಿ ಬಿಟ್ಟುಬಿಡಿ. ಕೆಂಪು ಕೋಟೆ ಹಳೇ ದೆಹಲಿಯಲ್ಲಿದೆ. ಕುತುಬ್ ಮಿನಾರ್ ಇರುವುದು ದಕ್ಷಿಣದ ಮೆಹ್ರೌಲಿಯಲ್ಲಿ. ನಡುವೆ ಇಡೀ ಊರು ದಾಟಬೇಕು. ಸಂಜೆ ಟ್ರಾಫಿಕ್ಕಿನಲ್ಲಿ ಅಮ್ಮ ಕಾರಿನಲ್ಲಿ ಕೂತೇ ಸುಸ್ತಾಗುತ್ತಾರೆ. ಕುತುಬ್ ತಲುಪುವ ಹೊತ್ತಿಗೆ ಬೆಳಕು ಹೋಗಿರುತ್ತದೆ. ನಿಮ್ಮ ಅಪ್ಪ ಅಷ್ಟು ವರ್ಷ ಕಾದ ಜಾಗ ಪಟ್ಟಿಯ ಕೊನೆಯಲ್ಲಿ ಇರಬಾರದು, ಅಲ್ವಾ?

ಮೊದಲು ವಾರದ ದಿನ ನೋಡಿಕೊಳ್ಳಿ. ಸೋಮವಾರ ಕೆಂಪು ಕೋಟೆ ಇಲ್ಲ, ನ್ಯಾಷನಲ್ ಮ್ಯೂಸಿಯಂ ಇಲ್ಲ, ರೈಲು ಮ್ಯೂಸಿಯಂ ಇಲ್ಲ, ಗಾಂಧಿ ಸ್ಮೃತಿ ಇಲ್ಲ, ಲೋಟಸ್ ಟೆಂಪಲ್ಲೂ ಇಲ್ಲ, ಅಕ್ಷರಧಾಮವೂ ಇಲ್ಲ. ಕುತುಬ್ ಮತ್ತು ಹುಮಾಯೂನ್ ಸಮಾಧಿ ತೆರೆದಿರುತ್ತವೆ. ಶುಕ್ರವಾರ ತಾಜ್ ಮಹಲ್ ಮುಚ್ಚಿರುತ್ತದೆ. ಇದು ಗೊತ್ತಿಲ್ಲದೆ ಶುಕ್ರವಾರ ಆಗ್ರಾಕ್ಕೆ ಹೋಗಿ ಗೇಟಿನಿಂದ ತಿರುಗಿ ಬಂದವರನ್ನು ನಾನೇ ನೋಡಿದ್ದೇನೆ. ಪಾಪ, ಅಷ್ಟು ದೂರದಿಂದ ಬಂದಿದ್ದರು.

ದಸರಾ ಸಮಯ ಒಳ್ಳೆಯದೇ. ಏಪ್ರಿಲ್-ಮೇ ರಜೆಗೆ ಮಾತ್ರ ವಯಸ್ಸಾದವರನ್ನು ಕರೆತರಬೇಡಿ, ಕಲ್ಲು ಕಾದು ಕಾಲಿಡಲು ಆಗುವುದಿಲ್ಲ. ದೀಪಾವಳಿ ಹತ್ತಿರ ಬಂದರೆ ಹೊಗೆ ಶುರು. ಡಿಸೆಂಬರ್ ಕೊನೆಗೆ ಮಂಜು, ತಾಜ್ ಎದುರಿಗೇ ನಿಂತರೂ ತಾಜ್ ಕಾಣದ ದಿನಗಳಿವೆ. ಒಂದು ವಿಷಯ: ನವರಾತ್ರಿಯಲ್ಲಿ ಕೆಂಪು ಕೋಟೆ ಮುಂದಿನ ಮೈದಾನದಲ್ಲಿ ರಾಮಲೀಲಾ ನಡೆಯುತ್ತದೆ. ಸಂಜೆ ಆ ಕಡೆ ತುಂಬಾ ಜನ. ಕೋಟೆಗೆ ಬೆಳಿಗ್ಗೆಯೇ ಹೋಗಿ.

ಕಡಲ ತಡಿ

ನನ್ನ ಅಭಿಪ್ರಾಯ ಬೇರೆ. ಕೋಪ ಮಾಡಿಕೊಳ್ಳಬೇಡಿ. ದೆಹಲಿಯಲ್ಲೇ ಇರುವವರಿಗೆ "ಇವತ್ತು ಬಿಟ್ಟರೆ ನಾಳೆ" ಇದೆ. ನಮ್ಮಂಥವರು ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವುದು ಜೀವನದಲ್ಲಿ ಒಂದೇ ಸಲ. ಖರ್ಚೂ ಸಣ್ಣದಲ್ಲ. ನಾವು ಮಂಗಳೂರಿನಿಂದ ಹೋದಾಗ ಮೂರು ದಿನದಲ್ಲಿ ಹನ್ನೆರಡು ಜಾಗ ನೋಡಿದೆವು. ಸುಸ್ತಾಗಿದ್ದು ನಿಜ. ಆದರೆ ಮರುವರ್ಷವೇ ನನ್ನ ತಂದೆ ತೀರಿಕೊಂಡರು. ಅಷ್ಟಾದರೂ ತೋರಿಸಿದೆನಲ್ಲ ಅನ್ನುವ ಸಮಾಧಾನ ನನಗಿದೆ. ಟಿವಿಯಲ್ಲಿ ದೆಹಲಿ ಬಂದಾಗೆಲ್ಲ "ಇದು ನಾವು ನೋಡಿದ್ದೇವೆ" ಅನ್ನುತ್ತಿದ್ದರು. ಆ ಸಂತೋಷವನ್ನು ಕಡಿಮೆ ಅಂತ ಹೇಳಬೇಡಿ.

ದೆಹಲಿ ಕನ್ನಡತಿ

ಖಂಡಿತ ಕಡಿಮೆ ಅಲ್ಲ. ನಿಮ್ಮ ಮಾತು ಅರ್ಥ ಆಗುತ್ತದೆ. ಮಂಡಿ ನೋವಿನ ಅಮ್ಮ, ಆರು ವರ್ಷದ ಮಗು ಇದ್ದಾಗ ಹನ್ನೆರಡು ಜಾಗದಲ್ಲಿ ಎಂಟು ಜಾಗ ಕಾರಿನ ಕಿಟಕಿಯಲ್ಲೇ ಮುಗಿದುಹೋಗುತ್ತವೆ ಅಂತ ನನ್ನ ಚಿಂತೆ.

ಹಳಿಗುಂಟ

ರೈಲಿನ ವಿಷಯ ನಾನು ಹೇಳುತ್ತೇನೆ. ಈಗ ಬುಕಿಂಗ್ ತೆರೆಯುವುದು 60 ದಿನ ಮೊದಲು. 2024ರ ನವೆಂಬರಿಗೆ ಮುಂಚೆ 120 ದಿನ ಇತ್ತು. ದಸರಾ ಸೀಟು ಬೇಗ ತುಂಬುತ್ತದೆ, ತೆರೆದ ದಿನವೇ ಕೂತು ಮಾಡಿ. ಅಮ್ಮನಿಗೆ ಕೆಳಗಿನ ಬರ್ತ್ ಬೇಕು ಅಂತ ಹಾಕುವುದನ್ನು ಮರೆಯಬೇಡಿ.

ನಿಮಗೆ ಹುಬ್ಬಳ್ಳಿ ಮೇಲೆ ಹೋಗುವ ಸಂಪರ್ಕ ಕ್ರಾಂತಿ ಅನುಕೂಲ. ದಿನಾ ಇರುವುದಿಲ್ಲ, ವಾರ ನೋಡಿಕೊಳ್ಳಿ. ಬರುವಾಗ ಆಗ್ರಾದಿಂದ ದೆಹಲಿಗೆ ಹಿಂದಿರುಗುವ ಅಗತ್ಯವೇ ಇಲ್ಲ. ಗೋವಾ ಎಕ್ಸ್‌ಪ್ರೆಸ್ ಆಗ್ರಾದಲ್ಲೇ ಸಿಗುತ್ತದೆ, ಬೆಳಗಾವಿಯಲ್ಲಿ ಇಳಿಯಬಹುದು. ಬೆಂಗಳೂರಿನವರು ಇದನ್ನು ಓದುತ್ತಿದ್ದರೆ, ಕರ್ನಾಟಕ ಎಕ್ಸ್‌ಪ್ರೆಸ್ ಕೂಡ ಆಗ್ರಾ ಮೇಲೆಯೇ ಬರುವುದು.

ದೆಹಲಿಯಿಂದ ಆಗ್ರಾಕ್ಕೆ ಹಜರತ್ ನಿಜಾಮುದ್ದೀನ್ ಸ್ಟೇಷನ್ನಿನಿಂದ ಗತಿಮಾನ್ ಎಕ್ಸ್‌ಪ್ರೆಸ್ ಇದೆ. 2016ರಲ್ಲಿ ಶುರುವಾಯಿತು. ಗಂಟೆಗೆ 160 ಕಿಲೋಮೀಟರ್ ವೇಗ ಮುಟ್ಟುತ್ತದೆ, ಹೆಚ್ಚೂಕಡಿಮೆ ನೂರು ನಿಮಿಷಕ್ಕೆ ಆಗ್ರಾ. ಮಗನನ್ನು ಕಿಟಕಿ ಪಕ್ಕ ಕೂರಿಸಿ. ಅವನಿಗೆ ರೈಲು ಇಷ್ಟವಿದ್ದರೆ ಚಾಣಕ್ಯಪುರಿಯ ರೈಲು ಮ್ಯೂಸಿಯಂ ಬಿಡಬೇಡಿ. ಮೈಸೂರು ಮಹಾರಾಜರ ಸಲೂನ್ ಬೋಗಿ ಅಲ್ಲಿದೆ. ನಮ್ಮ ಮಹಾರಾಜರ ಬೋಗಿಯನ್ನು ದೆಹಲಿಯಲ್ಲಿ ನೋಡುವ ಖುಷಿಯೇ ಬೇರೆ.

ಗುಮ್ಮಟದ ಊರು

ಹೊರಡುವ ಮುಂಚೆ ಒಂದು ಭಾನುವಾರ ವಿಜಯಪುರಕ್ಕೆ ಬನ್ನಿ. ಗೋಲ ಗುಮ್ಮಟ ನೋಡಿ ಆಮೇಲೆ ತಾಜ್ ನೋಡಿದರೆ ಮಕ್ಕಳಿಗೆ ಎರಡೂ ತಲೆಯಲ್ಲಿ ಉಳಿಯುತ್ತವೆ. ಹೆಚ್ಚು ಕಡಿಮೆ ಒಂದೇ ಕಾಲದ ಕಟ್ಟಡಗಳು. ಒಂದು ನಮ್ಮ ಪಕ್ಕದಲ್ಲೇ ಇದೆ.

ಮೂವರು ಮೊಮ್ಮಕ್ಕಳ ಅಜ್ಜಿ

ನನಗೆ 71. ಹೋದ ವರ್ಷ ಮಗ-ಸೊಸೆ ಜೊತೆ ಇದೇ ಊರುಗಳಿಗೆ ಹೋಗಿ ಬಂದೆ. ನಿಮ್ಮ ತಾಯಿಯ ಕಡೆಯಿಂದ ಎರಡು ಮಾತು.

"ಅಮ್ಮಾ, ಸುಸ್ತಾಯ್ತಾ?" ಅಂತ ಕೇಳಬೇಡಿ. ನಾವು ಇಲ್ಲ ಅಂತಲೇ ಹೇಳುತ್ತೇವೆ. ಮಕ್ಕಳು ಅಷ್ಟು ದುಡ್ಡು ಹಾಕಿ ಕರೆತಂದಿದ್ದಾರೆ, ನನ್ನಿಂದ ಯಾಕೆ ಅವರ ನೋಟ ಕೆಡಬೇಕು ಅಂತ ಅನಿಸುತ್ತದೆ. ಹಾಗಾಗಿ ಕೇಳುವ ಬದಲು ನೀವೇ "ಬನ್ನಿ, ಇಲ್ಲಿ ಕೂರೋಣ" ಅಂತ ಮೊದಲು ಕೂತುಬಿಡಿ. ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅಂತ ನಾವು ನೀರನ್ನೇ ಕುಡಿಯುವುದಿಲ್ಲ. ಒಳಗೆ ಹೋದ ತಕ್ಷಣ ಶೌಚಾಲಯ ಎಲ್ಲಿದೆ ಅಂತ ಸೊಸೆ ನೋಡಿ ಬಂದು ಹೇಳಿದರೆ ಅರ್ಧ ಭಯ ಹೋಗುತ್ತದೆ.

ತಾಜ್ ಮಹಲ್‌ನಲ್ಲಿ ಗಾಲಿಕುರ್ಚಿ ಸಿಗುತ್ತದೆ. ನಾನು ಮೊದಲು ಬೇಡ ಅಂದೆ, ನಾಚಿಕೆ. ಮೊಮ್ಮಗಳು "ಅಜ್ಜಿ, ನಾನು ತಳ್ಳುತ್ತೇನೆ" ಅಂದಳು. ಕೂತೆ. ತೋಟದ ಉದ್ದಕ್ಕೂ ತಲೆ ಎತ್ತಿ ತಾಜ್ ನೋಡುತ್ತಾ ಹೋದೆ. ನಡೆಯುತ್ತಿದ್ದರೆ ಕಾಲ ಕೆಳಗಿನ ನೆಲ ನೋಡುತ್ತಾ ಹೋಗುತ್ತಿದ್ದೆ.

ಏಲಕ್ಕಿ ಹಾರ

ಅಜ್ಜಿ, ನಿಮ್ಮ ಮಾತನ್ನು ಹೆಂಡತಿಗೆ ಓದಿ ಹೇಳಿದೆ. ಅವಳ ಕಣ್ಣು ತುಂಬಿತು. ಹೋದ ಸಲ ಧರ್ಮಸ್ಥಳಕ್ಕೆ ಹೋದಾಗ ಅಮ್ಮ ದಿನವಿಡೀ ನೀರು ಕುಡಿದಿರಲಿಲ್ಲ. ಯಾಕೆ ಅಂತ ನಮಗೆ ಈಗ ಗೊತ್ತಾಯಿತು.

ಮಥುರಾ, ಹರಿದ್ವಾರ ಬಿಟ್ಟೆವು. ನಿನ್ನೆ ರಾತ್ರಿ ಊಟ ಆದ ಮೇಲೆ ಎಲ್ಲರೂ ಕೂತು ಒಬ್ಬೊಬ್ಬರು ಒಂದೊಂದು ಜಾಗ ಆರಿಸಿದೆವು. ಅದು ಯಾವ ಕಾರಣಕ್ಕೂ ತಪ್ಪಬಾರದು. ಉಳಿದದ್ದು ಆದರೆ ಆಯಿತು. ಅಪ್ಪ ಕುತುಬ್. ಮಗ ರೈಲು ಮ್ಯೂಸಿಯಂ. ಮಗಳು ತಾಜ್. ಹೆಂಡತಿ ಚಾಂದನಿ ಚೌಕ್. ನಾನು ಗಾಂಧಿ ಸ್ಮೃತಿ. ಅಮ್ಮ ಮಾತ್ರ "ನೀವು ಎಲ್ಲಿ ಕರೆದುಕೊಂಡು ಹೋದರೂ ಸರಿ" ಅಂದರು. ಎಷ್ಟು ಕೇಳಿದರೂ ಅದೇ ಉತ್ತರ.

ದೆಹಲಿ ಕನ್ನಡತಿ

ಅಮ್ಮನ ಆಯ್ಕೆ ಅಲ್ಲೇ ಸಿಗುತ್ತದೆ, ಬಿಡಿ.

ಹಾಗಾದರೆ ಹೀಗೆ ಮಾಡಿ. ಭಾನುವಾರ ಬಂದು ಇಳಿದು ವಿಶ್ರಾಂತಿ. ಸೋಮವಾರ ಬೆಳಿಗ್ಗೆ ಕುತುಬ್, ಬಿಸಿಲು ಇಳಿದ ಮೇಲೆ ಹುಮಾಯೂನ್ ಸಮಾಧಿ. ಮಂಗಳವಾರ ಕೆಂಪು ಕೋಟೆ, ಚಾಂದನಿ ಚೌಕ್. ಬುಧವಾರ ರೈಲು ಮ್ಯೂಸಿಯಂ, ಗಾಂಧಿ ಸ್ಮೃತಿ. ಗುರುವಾರ ಬೆಳಿಗ್ಗೆ ಗತಿಮಾನ್ ಹತ್ತಿ. ಶುಕ್ರವಾರ ಅದು ಓಡುವುದಿಲ್ಲ. ಗುರುವಾರ ಮಧ್ಯಾಹ್ನ ಯಮುನೆಯ ಆಚೆ ದಡದ ಇತಿಮಾದ್-ಉದ್-ದೌಲಾ ಸಮಾಧಿ ನೋಡಿ. ಹೆಚ್ಚಿನವರು ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. ಶುಕ್ರವಾರ ತಾಜ್ ಇಲ್ಲ, ಫತೇಪುರ್ ಸಿಕ್ರಿಗೆ ಹೋಗಿ ಬನ್ನಿ. ಶನಿವಾರ ಬೆಳಗಾಗುವ ಹೊತ್ತಿಗೆ ತಾಜ್. ಗೇಟು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ತೆರೆಯುತ್ತದೆ. ಪೂರ್ವದ ಗೇಟಿನಲ್ಲಿ ನಿಲ್ಲಿ.

ತಾಜ್ ಟಿಕೆಟ್ 50 ರೂಪಾಯಿ. ಒಳಗಿನ ಮುಖ್ಯ ಸಮಾಧಿಗೆ ಮತ್ತೆ 200. 15 ವರ್ಷದ ಒಳಗಿನ ಮಕ್ಕಳಿಗೆ ಇಲ್ಲ. ಟಿಕೆಟ್ ಮೂರು ಗಂಟೆ ನಡೆಯುತ್ತದೆ. ತಿಂಡಿ ಒಳಗೆ ಬಿಡುವುದಿಲ್ಲ, ಮಕ್ಕಳಿಗೆ ಹೊರಗೇ ಏನಾದರೂ ತಿನ್ನಿಸಿ. ಪೆಟ್ರೋಲ್ ಗಾಡಿ ಹತ್ತಿರದವರೆಗೆ ಬರುವುದಿಲ್ಲ, ಅಲ್ಲಿಂದ ಬ್ಯಾಟರಿ ಗಾಡಿ. ದೆಹಲಿಯ ಒಳಗೆ ಆದಷ್ಟು ಮೆಟ್ರೋ ಹಿಡಿಯಿರಿ, ಲಿಫ್ಟ್ ಇದೆ, ಅಮ್ಮನಿಗೆ ಸುಲಭ.

ಕಡಲ ತಡಿ

ಇದು ಚೆನ್ನಾಗಿದೆ. ಒಬ್ಬೊಬ್ಬರಿಗೆ ಒಂದು ಅನ್ನುವ ಉಪಾಯ ನನಗೆ ಹೊಳೆದಿರಲಿಲ್ಲ. ನಾನು ಅಪ್ಪನಿಗೆ ಏನು ನೋಡಬೇಕು ಅಂತ ಕೇಳಲೇ ಇಲ್ಲ.

ಏಲಕ್ಕಿ ಹಾರ

ಹೋಗಿ ಬಂದು ನಾಲ್ಕು ದಿನ ಆಯಿತು. ಎಲ್ಲರೂ ಕ್ಷೇಮ. ಅಷ್ಟು ಸಹಾಯ ಮಾಡಿದ್ದೀರಿ, ಹಾಗಾಗಿ ಸಾವಧಾನವಾಗಿ ಬರೆಯುತ್ತೇನೆ.

ಮೊದಲು ಕುತುಬ್. ಸೋಮವಾರ ಬೆಳಿಗ್ಗೆ ಏಳೂವರೆಗೆ ಒಳಗಿದ್ದೆವು. ಗಿಳಿಗಳ ಗದ್ದಲ ಬಿಟ್ಟರೆ ಜನವೇ ಇರಲಿಲ್ಲ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಶಾಲೆಗೆ ಹೋಗುವಾಗ ಹಾಕುತ್ತಿದ್ದ ಹಾಗೆ ಜೇಬಿನಲ್ಲಿ ಪೆನ್ನು. ಮರಗಳ ಸಂದಿಯಲ್ಲಿ ಮಿನಾರ್ ಕಂಡ ಕೂಡಲೇ ನಿಂತರು. ತಲೆ ಎತ್ತಿದರು. ತುಂಬಾ ಹೊತ್ತು ಮಾತೇ ಇಲ್ಲ. ಆಮೇಲೆ ಹೇಳಿದ್ದು ಇಷ್ಟೇ: "ನಾನು ತಪ್ಪು ಬರೆಯುತ್ತಿದ್ದೆನಲ್ಲೋ."

ಏನು ತಪ್ಪು ಅಂತ ಅವರೇ ತೋರಿಸಿದರು. ಅವರು ಬೋರ್ಡಿನಲ್ಲಿ ಮಿನಾರಿನ ಮೈಗೆ ಉದ್ದಕ್ಕೂ ಒಂದೇ ಥರ ಗೆರೆ ಎಳೆಯುತ್ತಿದ್ದರು. ನಿಜವಾದ ಮಿನಾರಿನಲ್ಲಿ ಕೆಳಗಿನ ಅಂತಸ್ತಿನ ಏಣುಗಳು ಒಂದು ದುಂಡು, ಒಂದು ಮೂಲೆ, ಮತ್ತೆ ದುಂಡು, ಹೀಗೆ ಬರುತ್ತವೆ. ಎರಡನೆಯದರಲ್ಲಿ ಬರೀ ದುಂಡು. ಮೂರನೆಯದರಲ್ಲಿ ಬರೀ ಮೂಲೆ. ಮೇಲಿನ ಎರಡರಲ್ಲಿ ಕೆಂಪು ಕಲ್ಲಿನ ಜೊತೆ ಬಿಳಿ ಅಮೃತಶಿಲೆ ಸೇರಿದೆ. ಐಬಕ್ ಶುರು ಮಾಡಿದ, ಇಲ್ತಮಿಶ್ ಮೇಲಕ್ಕೆ ಏರಿಸಿದ, ಸಿಡಿಲು ಬಡಿದ ಮೇಲೆ ಫಿರೋಜ್ ಷಾ ತುಘಲಕ್ ತುದಿ ಸರಿಮಾಡಿಸಿದ ಅಂತ ಪಾಠ ಹೇಳುತ್ತಿದ್ದರು. ಆ ಬಿಳಿ ಕಲ್ಲು ಕಂಡಾಗ "ನೋಡು, ಫಿರೋಜ್ ಷಾ ಕೈ ಇಟ್ಟದ್ದು ಇಲ್ಲಿಂದ" ಅಂತ ಮೊಮ್ಮಗಳಿಗೆ ತೋರಿಸಿದರು. 72.5 ಮೀಟರ್ ಎತ್ತರ ಅವರಿಗೆ ಬಾಯಿಪಾಠ. ಮಗಳು "ಮೇಲೆ ಹತ್ತೋಣ ಅಜ್ಜ" ಅಂದಳು. ಒಳಗೆ 379 ಮೆಟ್ಟಿಲಿವೆ, 1981ರಲ್ಲಿ ಕತ್ತಲಲ್ಲಿ ನೂಕುನುಗ್ಗಲು ಆಗಿ 45 ಜನ ಸತ್ತರು, ಹೆಚ್ಚಿನವರು ಶಾಲೆ ಮಕ್ಕಳು, ಆವತ್ತಿನಿಂದ ಬಾಗಿಲು ಹಾಕಿದ್ದಾರೆ ಅಂತ ಅಪ್ಪ ಮೆಲ್ಲಗೆ ಹೇಳಿದರು. ಅವಳು ಆಮೇಲೆ ಕೇಳಲಿಲ್ಲ.

ಕಬ್ಬಿಣದ ಕಂಬಕ್ಕೆ ಬೆನ್ನು ಕೊಟ್ಟು ಕೈ ಹಿಂದಕ್ಕೆ ಬಳಸಿದರೆ ಅದೃಷ್ಟ ಅಂತ ನಮಗೆ ಕ್ಲಾಸಿನಲ್ಲಿ ಹೇಳಿದ್ದರು. ಈಗ ಸುತ್ತ ಬೇಲಿ ಇದೆ, 1997ರಲ್ಲಿ ಹಾಕಿದ್ದು. ಅವರಿಗೆ ಮುಟ್ಟಬೇಕು ಅಂತ ಆಸೆ ಇತ್ತು, ನನಗೆ ಗೊತ್ತು. ಆದರೆ ಬೇಜಾರು ಮಾಡಿಕೊಳ್ಳಲಿಲ್ಲ. ಪಕ್ಕದ ಗೋಡೆಯಲ್ಲಿ ಕಂಬದ ಶಾಸನದ ಅರ್ಥ ಕೆತ್ತಿದ ಕಲ್ಲುಗಳಿವೆ. ಕನ್ನಡಕ ಒರೆಸಿಕೊಂಡು ಅಷ್ಟನ್ನೂ ಓದಿದರು, ಪುಸ್ತಕದಲ್ಲಿ ಬರೆದುಕೊಂಡರು. ಅಷ್ಟು ಹೊತ್ತು ಅಮ್ಮ ಹತ್ತಿರದ ಕಂಬಗಳ ಕಡೆ ನೋಡುತ್ತಾ ಕೂತಿದ್ದರು. ಕುತುಬ್ ಆವರಣದಲ್ಲೇ ಇರುವ ಮಸೀದಿಯ ಕಂಬಗಳು ಹಳೇ ದೇವಸ್ಥಾನಗಳವು. ಸರಪಳಿಯಲ್ಲಿ ತೂಗುವ ಗಂಟೆ ಕೆತ್ತಿದ್ದಾರೆ. "ನಮ್ಮ ಕಡೆ ಗುಡಿಯಲ್ಲೂ ಇಂಥದೇ ಗಂಟೆ ಇದೆ" ಅಂತ ಮೊದಲು ಕಂಡುಹಿಡಿದವರು ಅಮ್ಮ.

ಮೂರು ಗಂಟೆ ಅಲ್ಲೇ ಇದ್ದೆವು. ಏಜೆಂಟರ ಪಟ್ಟಿಯಲ್ಲಿ ಇದಕ್ಕೆ ನಲವತ್ತು ನಿಮಿಷ ಇತ್ತು.

ಗುಮ್ಮಟದ ಊರು

ಓದಿ ಮೈ ಜುಂ ಅಂದಿತು. ಆ ಕಂಬ ತುಕ್ಕು ಹಿಡಿಯದಿರುವುದು ಯಾಕೆ ಅಂತ ಮಕ್ಕಳು ಕೇಳಿದರಾ? ಅದರ ಕಬ್ಬಿಣದಲ್ಲಿ ರಂಜಕದ ಅಂಶ ಜಾಸ್ತಿ. ಅದರಿಂದ ಮೇಲೆ ತೆಳು ಪದರ ಕಟ್ಟಿ ಒಳಗಿನದನ್ನು ಕಾಪಾಡುತ್ತದೆ. ಗುಪ್ತರ ಕಾಲದ ಕಮ್ಮಾರರ ಕೈಗುಣ. ಆರು ಟನ್ನಿಗಿಂತ ಹೆಚ್ಚು ತೂಕದ ಕಂಬ ಅದು.

ಏಲಕ್ಕಿ ಹಾರ

ಕೇಳಿದರು. ಅಪ್ಪನೂ ರಂಜಕ ಅಂತಲೇ ಹೇಳಿದರು!

ಮಂಗಳವಾರ ಕೆಂಪು ಕೋಟೆ. ಹೊರಗಿನ ಗೋಡೆ ನೋಡಿ ಎದೆ ತುಂಬುತ್ತದೆ. ಒಳಗೆ ಹೋದರೆ ಸ್ವಲ್ಪ ಬಣಬಣ ಅನಿಸುತ್ತದೆ. 1857ರ ನಂತರ ಬ್ರಿಟಿಷರು ಒಳಗಿನ ಅರಮನೆಗಳಲ್ಲಿ ಹೆಚ್ಚಿನವನ್ನು ಕೆಡವಿ ಸೈನಿಕರ ಬ್ಯಾರಕ್ ಕಟ್ಟಿದರು. ಇದನ್ನು ಮಕ್ಕಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ, ಇಲ್ಲದಿದ್ದರೆ "ಅರಮನೆ ಎಲ್ಲಿ?" ಅಂತ ಕೇಳುತ್ತಾರೆ. ಆಜಾದ್ ಹಿಂದ್ ಫೌಜ್ ಅಧಿಕಾರಿಗಳ ವಿಚಾರಣೆ ನಡೆದದ್ದೂ ಇದೇ ಕೋಟೆಯಲ್ಲಿ. ಅಲ್ಲಿನ ನೇತಾಜಿ ಮ್ಯೂಸಿಯಂ ಮಗಳಿಗೆ ಹಿಡಿಸಿತು. ಚಾಂದನಿ ಚೌಕದ ಮುಖ್ಯ ರಸ್ತೆಯಲ್ಲಿ ಹಗಲು ಮೋಟಾರು ಗಾಡಿ ಬಿಡುವುದಿಲ್ಲ. ಅಮ್ಮ-ಅಪ್ಪ ಸೈಕಲ್ ರಿಕ್ಷಾದಲ್ಲಿ ಕೂತರು, ಹೆಂಡತಿಗೆ ಬೇಕಾದ ಸೀರೆ ಅಂಚು ಸಿಕ್ಕಿತು. ಜೈನ ಮಂದಿರದ ಪಕ್ಷಿ ಆಸ್ಪತ್ರೆ ನೋಡಿ ಮಗನಿಗೆ ಅಲ್ಲಿಂದ ಬರಲು ಮನಸ್ಸೇ ಇಲ್ಲ.

ರೈಲು ಮ್ಯೂಸಿಯಂನಲ್ಲಿ ಮೈಸೂರು ಮಹಾರಾಜರ ಬೋಗಿ ಸಿಕ್ಕಿತು, ಹಳಿಗುಂಟ ಅವರೇ. ಮಗ ಕಿಟಕಿಗೆ ಮೂಗು ಒತ್ತಿ ನಿಂತುಬಿಟ್ಟ.

ಗಾಂಧಿ ಸ್ಮೃತಿಯಲ್ಲಿ ಗಾಂಧೀಜಿ ಕೊನೆಯ ದಿನ ಪ್ರಾರ್ಥನೆಗೆ ನಡೆದು ಹೋದ ದಾರಿಯಲ್ಲಿ ಹೆಜ್ಜೆಗಳನ್ನು ಸಿಮೆಂಟಿನಲ್ಲಿ ಮೂಡಿಸಿದ್ದಾರೆ. ಅಪ್ಪ ಚಪ್ಪಲಿ ಬಿಟ್ಟು ಪಕ್ಕದ ಹುಲ್ಲಿನ ಮೇಲೆ ನಡೆದರು. ಮಗ ಒಂದು ಹೆಜ್ಜೆಯ ಪಕ್ಕ ತನ್ನ ಪಾದ ಇಟ್ಟು ಅಳತೆ ನೋಡಿದ. ಹೆಜ್ಜೆಗಳು ಮುಗಿಯುವ ಕಡೆ ಬಂದಾಗ "ಮುಂದಿನದು ಎಲ್ಲಿ?" ಅಂತ ಕೇಳಿದ. ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಕೊಡಲು ಆಗಲಿಲ್ಲ.

ಹೊಸ ಸೂಟ್‌ಕೇಸ್

ನಾವು ಫೆಬ್ರವರಿಯಲ್ಲಿ ಹೋಗುವವರು. ಊಟಕ್ಕೆ ಏನು ಮಾಡಿದಿರಿ? ನಮ್ಮತ್ತೆ ಅನ್ನ-ಸಾರು ಇಲ್ಲದೆ ಇರುವುದಿಲ್ಲ. ಮೋಸ ಹೋಗುವ ಭಯವೂ ಇದೆ.

ಏಲಕ್ಕಿ ಹಾರ

ರೈಲಿಗೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡಿದ್ದೆವು. ಬೆಳಗಿನ ತಿಂಡಿಗೂ ಅದೇ ಆಸರೆ ಆಯಿತು. ದೆಹಲಿಯಲ್ಲಿ ಒಂದು ದಿನ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಕಡೆ ಹೋಗಿದ್ದೆವು. ಬೋರ್ಡಿನ ಮೇಲೆ ಕನ್ನಡ ಅಕ್ಷರ ಕಂಡಾಗ ಅಮ್ಮನ ಮುಖ ಅರಳಿತು. ಅಲ್ಲಿ ಉಂಡ ಸಾರನ್ನು ಅವರು ಇನ್ನೂ ನೆನೆಸುತ್ತಾರೆ.

ಮೋಸದ ವಿಷಯ: ಫತೇಪುರ್ ಸಿಕ್ರಿಯಲ್ಲಿ ಎಚ್ಚರ. ಪಾರ್ಕಿಂಗಿನಲ್ಲೇ ಒಬ್ಬ "ನಾನು ಸರ್ಕಾರಿ ಗೈಡು" ಅಂತ ಹಿಂದೆ ಬಿದ್ದ. ಗುರುತಿನ ಚೀಟಿ ಕೇಳಿದರೆ ತೋರಿಸಲಿಲ್ಲ. ದರ್ಗಾಕ್ಕೆ ಚಾದರ ಕೊಳ್ಳಲೇಬೇಕು ಅಂತ ಒತ್ತಾಯ ಮಾಡಿದ. ಅಪ್ಪನ ಹತ್ತಿರ ಎರಡು ಸಾವಿರ ಕೇಳಿದ. ನಾವು ಬೇಡ ಅಂತ ಗಟ್ಟಿಯಾಗಿ ಹೇಳಿ ನಡೆದೆವು. ಚಾದರ ಕಡ್ಡಾಯ ಅಲ್ಲ. ಪರವಾನಗಿ ಚೀಟಿ ನೋಡಿಯೇ ಗೈಡನ್ನು ಕರೆದುಕೊಳ್ಳಿ, ದರ ಮೊದಲೇ ಮಾತಾಡಿ.

ಏಲಕ್ಕಿ ಹಾರ

ಆಗ್ರಾ ಬರೆಯುತ್ತೇನೆ.

ದೆಹಲಿ ಕನ್ನಡತಿ ಅವರೇ, ಅಮ್ಮನ ಜಾಗ ಸಿಕ್ಕಿತು. ಇತಿಮಾದ್-ಉದ್-ದೌಲಾ. ನೂರ್ ಜಹಾನ್ ತನ್ನ ತಂದೆಗಾಗಿ ಕಟ್ಟಿಸಿದ ಸಮಾಧಿ. ತಾಜ್‌ಗಿಂತ ಮೊದಲಿನದು, 1628ಕ್ಕೆ ಮುಗಿದದ್ದು. ಸಣ್ಣದು. ಬಿಳಿ ಕಲ್ಲಿನಲ್ಲಿ ಬಣ್ಣದ ಕಲ್ಲು ಕೂರಿಸಿದ್ದಾರೆ. ಎಲ್ಲಿ ನೋಡಿದರೂ ನಕ್ಷತ್ರ, ಆರು ಮೂಲೆ, ಬಳ್ಳಿ, ಹೂಜಿ. ಅಮ್ಮ ಐವತ್ತು ವರ್ಷದಿಂದ ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುವವರು. ಗೋಡೆಯ ಹತ್ತಿರ ಹೋದರು. ಬೆರಳನ್ನು ಕಲ್ಲಿಗೆ ತಾಗಿಸದೆ ಒಂದು ಗೇಣು ದೂರದಲ್ಲಿ ಹಿಡಿದು ಗೆರೆ ಹಿಂಬಾಲಿಸಿದರು. ತುಟಿ ಅಲ್ಲಾಡುತ್ತಿತ್ತು. ಚುಕ್ಕಿ ಎಣಿಸುತ್ತಿದ್ದರು! "ಇದು ಎಡೆ ಚುಕ್ಕಿ ಲೆಕ್ಕ" ಅಂದರು. ಅಪ್ಪನ ಪುಸ್ತಕ, ಪೆನ್ನು ಕಸಿದುಕೊಂಡು ಕಟ್ಟೆ ಮೇಲೆ ಕೂತು ಬರೆಯಲು ಶುರು ಮಾಡಿದರು. ಮಗಳು ಪಕ್ಕದಲ್ಲಿ ಕೂತಳು. ಒಂದೂವರೆ ಗಂಟೆ. ಇಡೀ ಪ್ರವಾಸದಲ್ಲಿ ಮಂಡಿ ನೋವಿನ ಮಾತು ಬರದ ಜಾಗ ಅದೊಂದೇ.

ಸಿಕ್ರಿಯಲ್ಲೂ ಹಾಗೇ ಆಯಿತು. ಅಕ್ಬರ್ 1571ರಲ್ಲಿ ಕಟ್ಟಿಸಲು ಶುರು ಮಾಡಿ, 1585ರಲ್ಲಿ ಬಿಟ್ಟು ಲಾಹೋರಿಗೆ ಹೋದ ಊರು. ಬುಲಂದ್ ದರ್ವಾಜಾದ ಮೆಟ್ಟಿಲು ತುಂಬಾ ಕಡಿದು. ಅಮ್ಮನನ್ನು ಆ ಕಡೆ ಕರೆದುಕೊಂಡೇ ಹೋಗಲಿಲ್ಲ, ಅರಮನೆಯ ಕಡೆಯಿಂದ ಒಳಗೆ ಹೋದೆವು. ಅಂಗಳದ ನೆಲದಲ್ಲಿ ದೊಡ್ಡದೊಂದು ಪಚೀಸಿ ಹಾಸು ಇದೆ. ಮಗಳು ನೋಡಿದ ಕೂಡಲೇ "ಅಜ್ಜೀ, ಪಗಡೆ!" ಅಂತ ಕೂಗಿದಳು. ಅದೇ ಕೂಡು ಗುರುತಿನ ಹಾಸು, ನಾಲ್ಕು ಕಡೆ ತೋಳು. ಅಕ್ಬರ್ ಕಾಯಿಗಳ ಬದಲು ಮನುಷ್ಯರನ್ನೇ ನಿಲ್ಲಿಸಿ ಆಡುತ್ತಿದ್ದ ಅಂತ ಕಥೆ ಹೇಳುತ್ತಾರೆ. ನಾವು ಆರು ಜನ ಮನೆಗಳ ಮೇಲೆ ನಿಂತು ಫೋಟೋ ತೆಗೆಸಿಕೊಂಡೆವು. ಸಲೀಂ ಚಿಶ್ತಿ ಸಮಾಧಿಯ ಕಲ್ಲಿನ ಜಾಲಂಧ್ರದ ಮುಂದೆ ಹೆಂಡತಿ ಸುಮ್ನೆ ನಿಂತಿದ್ದಳು. ಬಟ್ಟೆಯ ಕಸೂತಿಯಷ್ಟು ತೆಳ್ಳಗೆ ಕೆತ್ತಿದ್ದಾರೆ.

ಶನಿವಾರ ತಾಜ್. ಮಗಳು ರಾತ್ರಿ ನಿದ್ದೆ ಮಾಡಿರಲಿಲ್ಲ. ದೊಡ್ಡ ಬಾಗಿಲಿನ ಕತ್ತಲು ದಾಟಿದ ಮೇಲೆ ಒಮ್ಮೆಗೇ ಎದುರಿಗೆ ಬಂತು. ಕಲ್ಲು ಆಗ ಬೂದಿ ಬಣ್ಣ, ಆಮೇಲೆ ಸ್ವಲ್ಪ ಗುಲಾಬಿ, ಬಿಸಿಲು ಬಿದ್ದ ಮೇಲೆ ಬಿಳಿ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಅಮ್ಮನಿಗೆ ಗಾಲಿಕುರ್ಚಿ ತೆಗೆದುಕೊಂಡೆವು. ಅಜ್ಜಿ ಹೇಳಿದ್ದು ನೂರಕ್ಕೆ ನೂರು ನಿಜ, ಅಮ್ಮ ತಲೆ ತಗ್ಗಿಸಲೇ ಇಲ್ಲ. ಮೇಲಿನ ಕಟ್ಟೆಗೆ ಮೆಟ್ಟಿಲು, ಅಲ್ಲಿಗೆ ಅವರು ಬರಲಿಲ್ಲ. ಹೆಂಡತಿ ಜೊತೆಗೆ ಕೂತಳು, ಸರದಿ ಪ್ರಕಾರ ನಾವು ಹೋಗಿ ಬಂದೆವು.

ಒಳಗೆ ಒಬ್ಬ ಗೈಡ್ ಕೆಂಪು ಹರಳಿನ ಹೂವಿನ ಮೇಲೆ ಟಾರ್ಚ್ ಬಿಟ್ಟು ತೋರಿಸಿದ. ಹೂವು ಕೆಂಡದ ಹಾಗೆ ಹೊಳೆಯಿತು. ಆದರೆ ಅಪ್ಪನ ಮನಸ್ಸು ಬಾಗಿಲ ಸುತ್ತಿನ ಅಕ್ಷರಗಳ ಮೇಲಿತ್ತು. ಅದನ್ನು ಬರೆದವನು ಅಮಾನತ್ ಖಾನ್. ಕೆಳಗೆ ನಿಂತು ನೋಡಿದರೆ ಅಕ್ಷರ ಎಲ್ಲ ಒಂದೇ ಅಳತೆ ಕಾಣುತ್ತದೆ. ನಿಜಕ್ಕೂ ಮೇಲೆ ಹೋದ ಹಾಗೆ ದೊಡ್ಡದಾಗುತ್ತಾ ಹೋಗುತ್ತದೆ. ಅಪ್ಪ ಹೇಳಿದರು: "ಹಿಂದಿನ ಬೆಂಚಿನವರಿಗೂ ಕಾಣಲಿ ಅಂತ ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ. ಇವನೂ ನೋಡುವವರ ಕಣ್ಣಿನಿಂದ ಬರೆದಿದ್ದಾನೆ."

ಗುಮ್ಮಟದ ಊರು

ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಅವರಿಗೆ ಇದೂ ಇಷ್ಟ ಆಗುತ್ತದೆ: ಷಾಜಹಾನ್ ಪಟ್ಟಕ್ಕೆ ಬಂದದ್ದು 1628. ನಮ್ಮ ಮೊಹಮ್ಮದ್ ಆದಿಲ್ ಷಾ ಅದಕ್ಕೆ ಒಂದು ವರ್ಷ ಮೊದಲು, 1627. ಆಗ್ರಾದಲ್ಲಿ ತಾಜ್ ಏಳುತ್ತಿದ್ದ ಕಾಲದಲ್ಲೇ ಇವನೂ ತನ್ನ ಸಮಾಧಿ ಕಟ್ಟಿಸುತ್ತಿದ್ದ. 1636ರಲ್ಲಿ ಇಬ್ಬರ ನಡುವೆ ಒಪ್ಪಂದ ಆಯಿತು. 1656ರಲ್ಲಿ ಆದಿಲ್ ಷಾ ತೀರಿಕೊಂಡು ಗೋಲ ಗುಮ್ಮಟದಲ್ಲಿ ಮಣ್ಣಾದ. ಎರಡು ವರ್ಷದ ನಂತರ ಷಾಜಹಾನ್ ಆಗ್ರಾ ಕೋಟೆಯಲ್ಲಿ ಸೆರೆಯಾದ. ಎಂಟು ವರ್ಷ ಅಲ್ಲಿಂದಲೇ ತಾಜ್ ನೋಡುತ್ತಾ ಇದ್ದ. ನಮ್ಮ ಗುಮ್ಮಟದಲ್ಲಿ ಬಣ್ಣದ ಕಲ್ಲಿಲ್ಲ, ಹೂವಿಲ್ಲ. ಆದರೆ 44 ಮೀಟರ್ ಅಗಲದ ಗುಮ್ಮಟವನ್ನು ನಡುವೆ ಒಂದು ಕಂಬವೂ ಇಲ್ಲದೆ ನಿಲ್ಲಿಸಿದ್ದಾರೆ. ಮಕ್ಕಳನ್ನು ಬೆಳಿಗ್ಗೆ ಬೇಗ ಕರೆತನ್ನಿ. ಜನ ಬಂದರೆ ಕೂಗಾಟದಲ್ಲಿ ಪಿಸುಮಾತು ಕೇಳುವುದಿಲ್ಲ.

ಏಲಕ್ಕಿ ಹಾರ

ಆಗ್ರಾ ಕೋಟೆ ನಮಗೆ ಆಗಲಿಲ್ಲ. ಶನಿವಾರ ರೈಲಿಗೆ ಮೊದಲು ಹೋಗಬಹುದಿತ್ತು. ಅಮ್ಮ ಮಲಗಿದ್ದರು, ಎಬ್ಬಿಸಲಿಲ್ಲ. ವಿಜಯಪುರಕ್ಕೆ ಜನವರಿಯಲ್ಲಿ ಬರುತ್ತೇವೆ, ಅಪ್ಪ ಆಗಲೇ ದಿನ ನೋಡಿದ್ದಾರೆ.

ಮೂವರು ಮೊಮ್ಮಕ್ಕಳ ಅಜ್ಜಿ

ಎಬ್ಬಿಸದೆ ಇದ್ದದ್ದು ಒಳ್ಳೆಯದಾಯಿತು. ನಿಮ್ಮ ತಾಯಿ ಬರೆದುಕೊಂಡ ರಂಗೋಲಿ ಏನಾಯಿತು? ನನಗೆ ಆ ಲೆಕ್ಕ ಬೇಕು. ದೀಪಾವಳಿಗೆ ನಾನೂ ಹಾಕುತ್ತೇನೆ.

ಏಲಕ್ಕಿ ಹಾರ

ಅಮ್ಮನಿಗೆ ಫೋನ್ ಕೊಟ್ಟು ಕೇಳಿ ಬರೆಯುತ್ತಿದ್ದೇನೆ. ಅವರ ಮಾತಿನಲ್ಲೇ:

"ನಡುವಿನ ಸಾಲು 15 ಚುಕ್ಕಿ. ಮೇಲೆ ಕೆಳಗೆ ಎಡೆ ಚುಕ್ಕಿ ಇಡುತ್ತಾ 8ಕ್ಕೆ ನಿಲ್ಲಿಸಬೇಕು. ನಡುವಿನ ಚುಕ್ಕಿ ಸುತ್ತ ಮೊದಲು ನಕ್ಷತ್ರ. ಅದರ ಆರು ತುದಿಯಿಂದ ಆರು ಮೂಲೆಯ ಮನೆ ಕಟ್ಟುತ್ತಾ ಹೊರಗೆ ಬರಬೇಕು. ಆತುರ ಮಾಡಬಾರದು, ನಾನು ಮೂರು ಸಲ ಅಳಿಸಿದೆ. ಅಲ್ಲಿ ನಕ್ಷತ್ರಕ್ಕೆ ಅರಿಶಿನದ ಬಣ್ಣದ ಕಲ್ಲು ಇತ್ತು, ನಾನು ಅರಿಶಿನವನ್ನೇ ತುಂಬಿದೆ. ನಿಮಗೆ ಬಗ್ಗಲು ಆಗದಿದ್ದರೆ ಮಣೆ ಹಾಕಿಕೊಂಡು ಕೂತು ಹಾಕಿ, ಮೊಮ್ಮಗಳ ಕೈಲಿ ಚುಕ್ಕಿ ಇಡಿಸಿ."